ಕೆಟ್ಟ ಹೆಪ್ಪು



ನಮ್ಮ ಮನೆಯ ಗಣಕಯಂತ್ರಕ್ಕೆ 2011ರ ಬೇಸಿಗೆಯಲ್ಲಿ ಕಾಯಿಲೆ ತಗುಲಿತು. ಯಂತ್ರ ಕೆಡುವುದು ಹೊಸ ಸಂಗತಿಯಲ್ಲ. ರೇಡಿಯೋ ಕೆಡುತ್ತದೆ, ಮಿಕ್ಸಿ ಕೆಡುತ್ತದೆ, ಗೋಡೆಯ ಗಡಿಯಾರ ಕೆಡುತ್ತದೆ. ಆದರೆ ಕೆಟ್ಟ ಗಡಿಯಾರ ತಾನು ಸರಿಯಾಗಿಯೇ ಇದ್ದೇನೆಂದು ನಟಿಸುವುದಿಲ್ಲ; ರಿಪೇರಿಗೆ ಬಂದವನ ಕೈಯಿಂದ ಸ್ಕ್ರೂಡ್ರೈವರನ್ನು ಕಿತ್ತುಕೊಳ್ಳುವುದಿಲ್ಲ; ಪಕ್ಕದ ಮನೆಗೆ ಹೋಗಿ ಅಲ್ಲಿಯ ಗಡಿಯಾರವನ್ನೂ ಕೆಡಿಸಿ ಬರುವುದಿಲ್ಲ. ನಮ್ಮ ಗಣಕ ಈ ಮೂರನ್ನೂ ಮಾಡಿತು.

ಮೊದಲು ಅದರ ನಡೆ ನಿಧಾನವಾಯಿತು. ವಯಸ್ಸಾಯಿತೇನೋ ಎಂದುಕೊಂಡೆ, ನನಗೂ ವಯಸ್ಸಾಗಿತ್ತಷ್ಟೆ. ಆಮೇಲೆ, ಒಳಗೆ ಯಾವ ಯಾವ ಕೆಲಸ ನಡೆಯುತ್ತಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆಯಲು ಹೋದರೆ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ಈ ಸೌಲಭ್ಯವನ್ನು ನಿಮ್ಮ ಆಡಳಿತಾಧಿಕಾರಿಯವರು ನಿಷೇಧಿಸಿದ್ದಾರೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಯಲ್ಲಿ ಆ ಯಂತ್ರಕ್ಕೆ ಆಡಳಿತಾಧಿಕಾರಿ ಎಂಬುವನೊಬ್ಬನಿದ್ದರೆ ಅವನು ನಾನೇ. ನಾನು ಏನನ್ನೂ ನಿಷೇಧಿಸಿರಲಿಲ್ಲ. ನನ್ನ ಅಧಿಕಾರವನ್ನು ಹಿಡಿದುಕೊಂಡು ಮತ್ತಾರೋ ಆಜ್ಞೆ ಹೊರಡಿಸುತ್ತಿದ್ದರು! ವೈರಸ್ ನಿರೋಧಕ ತಂತ್ರಾಂಶವನ್ನು ತೆರೆದರೆ ಅದು ಕಣ್ಣು ಬಿಟ್ಟಂತೆ ಮಾಡಿ ಮುಚ್ಚಿಕೊಳ್ಳುತ್ತಿತ್ತು. ಅಂತರಜಾಲದಲ್ಲಿ ಪತ್ರಿಕೆಗಳು ಬರುತ್ತಿದ್ದುವು, ಪಂಚಾಂಗ ಬರುತ್ತಿತ್ತು. ವೈರಸ್ ನಿರೋಧಕಗಳನ್ನು ಒದಗಿಸುವ ಸಂಸ್ಥೆಗಳ ತಾಣಗಳು ಮಾತ್ರ ಬರುತ್ತಿರಲಿಲ್ಲ. ರೋಗಿಯ ಮನೆಯಿಂದ ವೈದ್ಯರ ಬೀದಿಗೆ ಹೋಗುವ ದಾರಿಯೊಂದನ್ನೇ ಯಾರೋ ಮುಚ್ಚಿದ್ದರು.

ಯಂತ್ರದ ಬೆಲೆಯ ಚಿಂತೆ ನನಗಿರಲಿಲ್ಲ. ಚಿಂತೆ ಇದ್ದುದು ಅದರೊಳಗಿದ್ದ ಒಂದು ಕಡತಕೋಶದ್ದು. ನಮ್ಮ ತಾಯಿಗೆ ಓದುಬರಹ ಅಷ್ಟಕ್ಕಷ್ಟೆ. ಹಾಡು ಮಾತ್ರ ಧಾರಾಳ. ಹಸೆಗೆ ಕರೆಯುವ ಹಾಡು, ಎಣ್ಣೆಶಾಸ್ತ್ರದ ಹಾಡು, ಆರತಿಯ ಹಾಡು, ಬೀಸುವಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ ಪದಗಳು, ಹೀಗೆ ಇನ್ನೂರಕ್ಕೂ ಮೇಲ್ಪಟ್ಟು ಹಾಡುಗಳು ಅವರ ನಾಲಗೆಯ ಮೇಲಿದ್ದುವು. ನಾನು ನಿವೃತ್ತನಾದ ಮೇಲೆ ಎರಡು ವರ್ಷ, ಸಂಜೆ ಅವರ ಬಳಿ ಕುಳಿತು ಬರೆದುಕೊಳ್ಳುವುದು, ಬೆಳಿಗ್ಗೆ ಅದನ್ನು ಗಣಕದಲ್ಲಿ ಅಚ್ಚಿಸುವುದು, ಇದೇ ನನ್ನ ಕಾಯಕವಾಗಿತ್ತು. ಅಚ್ಚಿಸಿಯಾದ ಹಾಳೆಗಳನ್ನು ರದ್ದಿಯವನಿಗೆ ಹಾಕಿದೆ. ಇನ್ನೇಕೆ ಬೇಕು, ಗಣಕದಲ್ಲಿ ಇದೆಯಲ್ಲ ಎಂಬ ಧೈರ್ಯ. 2010ರ ಕಾರ್ತೀಕದಲ್ಲಿ ಅಮ್ಮ ತೀರಿಕೊಂಡರು. ಹೀಗೆ ಆ ಹಾಡುಗಳಿಗೆ ಇಡೀ ಲೋಕದಲ್ಲಿ ಉಳಿದಿದ್ದ ನೆಲೆ ಆ ಕಾಯಿಲೆಯ ಯಂತ್ರವೊಂದೇ.

ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ, 'ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಕೊಡ್ತೀನಿ ಸರ್, ಡಿ ಡ್ರೈವ್‌ನಲ್ಲಿರೋ ನಿಮ್ಮ ಡೇಟಾ ಹಾಗೇ ಇರುತ್ತೆ' ಎಂದ. ತಿಳಿಯದವರಿಗಾಗಿ ಒಂದು ಮಾತು: ಗಣಕದ ನೆನಪಿನ ತಟ್ಟೆಯನ್ನು ಒಂದು ಮನೆಯಂತೆ ಕೋಣೆಗಳಾಗಿ ವಿಂಗಡಿಸುವ ರೂಢಿಯುಂಟು. ಸಿ ಎಂಬ ಕೋಣೆಯಲ್ಲಿ ಯಂತ್ರವನ್ನು ನಡೆಸುವ ವ್ಯವಸ್ಥೆ. ಡಿ ಎಂಬ ಕೋಣೆಯಲ್ಲಿ ನಮ್ಮ ಸಾಮಾನು. ಹುಡುಗ ಸಿ ಕೋಣೆಯನ್ನು ಗುಡಿಸಿ ಸಾರಿಸಿ ಕೊಟ್ಟ. ಮನೆಗೆ ತಂದು ನೋಡಿದೆ. ಯಂತ್ರ ಹೊಸ ಮದುಮಗನಂತಿತ್ತು. ಮೊದಲ ಕೆಲಸವೆಂದು, ಡಿ ಕೋಣೆಯಲ್ಲಿ ಜೋಪಾನವಾಗಿಟ್ಟಿದ್ದ ಕನ್ನಡ ಬೆರಳಚ್ಚಿನ ತಂತ್ರಾಂಶವನ್ನು ಮತ್ತೆ ಅಳವಡಿಸಿದೆ. ಸಂಜೆಯ ಹೊತ್ತಿಗೆ ಆಡಳಿತಾಧಿಕಾರಿಯವರ ನಿಷೇಧಾಜ್ಞೆ ಮತ್ತೆ ಜಾರಿಯಾಗಿತ್ತು. ಎರಡನೆಯ ಬಾರಿ ಹೋದೆ. ಹುಡುಗ ಮತ್ತೆ ಫಾರ್ಮ್ಯಾಟ್ ಮಾಡಿದ. ಈ ಸಲ ನಾನು ಏನನ್ನೂ ಅಳವಡಿಸುವ ಮೊದಲೇ, ಡಿ ಕೋಣೆಯ ಬಾಗಿಲನ್ನು ಎರಡು ಸಲ ಕ್ಲಿಕ್ಕಿಸಿದ ಮಾತ್ರಕ್ಕೆ ರೋಗ ಮರುಕಳಿಸಿತು. ಮೂರನೆಯ ಸಲ ಹೋದಾಗ ಅವನು, 'ಎಲ್ಲಾ ಅಳಿಸಿಬಿಡೋಣ ಸರ್' ಎಂದ. ನಾನು ಯಂತ್ರವನ್ನು ಎತ್ತಿಕೊಂಡು ಮನೆಗೆ ಬಂದೆ.

ಆ ರಾತ್ರಿ ನನ್ನ ತಂಗಿಯ ಮಗ ಊರಿನಿಂದ ಬಂದ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಮಿತಭಾಷಿ. ಯಂತ್ರದ ಒಳಗನ್ನು ಯಂತ್ರದಿಂದಲೇ ನೋಡಬಾರದು ಎಂಬುದು ಅವನು ಹೇಳಿದ ಮೊದಲ ಮಾತು. 'ಕಳ್ಳ ಮನೆಯೊಳಗೇ ಇದ್ದಾನೆ ಮಾವ. ಅವನನ್ನೇ ಕೇಳಿ ಮನೆ ಹುಡುಕಿದರೆ ಏನು ಸಿಗುತ್ತೆ?' ತನ್ನ ಯಂತ್ರದಲ್ಲಿ ಬರೆದು ತಂದಿದ್ದ ಒಂದು ಸಿ.ಡಿ.ಯನ್ನು ಹಾಕಿ, ತಟ್ಟೆಯಲ್ಲಿದ್ದ ವ್ಯವಸ್ಥೆಯನ್ನು ಎಬ್ಬಿಸದೆ, ಆ ಸಿ.ಡಿ.ಯಲ್ಲಿದ್ದ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯಿಂದ ಯಂತ್ರವನ್ನು ಎಚ್ಚರಿಸಿದ. ರೋಗ ಈಗ ಮಲಗಿತ್ತು. ಏಕೆಂದರೆ ಅದು ಏಳುವುದು ವಿಂಡೋಸ್ ಎದ್ದಾಗ ಮಾತ್ರ. ಮಲಗಿದ್ದ ಕಳ್ಳನ ಮುಖಕ್ಕೆ ದೀಪ ಹಿಡಿದಂತೆ ಇಡೀ ರಾತ್ರಿ ತಪಾಸಣೆ ನಡೆಯಿತು. ಬೆಳಗಿನ ಜಾವದ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕಡತಗಳ ಮುಂದೆ ಒಂದೇ ಹೆಸರು ನಿಂತಿತ್ತು: ಸಾಲಿಟಿ.

ಈ ಸಾಲಿಟಿ ಎಂಬುದು 2003ರಿಂದ ಕಂಡುಬಂದ ಒಂದು ವೈರಸ್ ವಂಶ. ಕ್ರಮವಿಧಿಗಳಿಗೆ, ಎಂದರೆ ಪ್ರೋಗ್ರಾಮುಗಳಿಗೆ, ತನ್ನನ್ನು ತಾನೇ ಹೊಲಿದುಕೊಳ್ಳುವುದು ಇದರ ರೀತಿ. ನಾವು ಯಾವ ಕ್ರಮವಿಧಿಯನ್ನು ಎಬ್ಬಿಸಿದರೂ ಮೊದಲು ಇದು ಎದ್ದು, ತನ್ನ ಕೆಲಸ ಮುಗಿಸಿ, ಆಮೇಲೆ ಆ ಕ್ರಮವಿಧಿಗೆ ದಾರಿ ಬಿಡುತ್ತದೆ. ನಮಗೆ ಏನೂ ಆಗಲಿಲ್ಲವೆಂದೇ ತೋರುತ್ತದೆ. ಪ್ರತಿಯೊಂದು ಪ್ರತಿಯಲ್ಲೂ ವೇಷ ಬದಲಿಸುವುದರಿಂದ ಒಂದರ ಗುರುತು ಮತ್ತೊಂದಕ್ಕೆ ಒದಗದು. ನಿರೋಧಕ ತಂತ್ರಾಂಶಗಳನ್ನು ಕೊಲ್ಲುತ್ತದೆ. ರೋಗ ಬಂದಾಗ ಆಶ್ರಯವಾಗಬೇಕಾದ ಸೇಫ್ ಮೋಡ್ ಎಂಬ ಹಿಂಬಾಗಿಲನ್ನೂ ಮುಚ್ಚುತ್ತದೆ. ಪೆನ್ ಡ್ರೈವ್ ಸಿಕ್ಕಿಸಿದರೆ ಅದರ ಮೇಲೆ ಹತ್ತಿಕೊಂಡು ಬೇರೆ ಮನೆಗೆ ಪ್ರಯಾಣ ಹೊರಡುತ್ತದೆ.

ನಾನು ಗಾಬರಿಯಿಂದ, 'ಇಷ್ಟು ವರ್ಷವಾದರೂ ಎಲ್ಲ ವೈರಸ್ಸನ್ನೂ ಹಿಡಿಯುವ ಒಂದು ಉಪಾಯ ಯಾರಿಗೂ ಹೊಳೆಯಲಿಲ್ಲವೇನೋ?' ಎಂದೆ. ಅವನು ಕೊಟ್ಟ ಉತ್ತರವನ್ನು ಆಮೇಲೆ ನಾನೂ ಓದಿ ತಿಳಿದುಕೊಂಡೆ. 1983ರ ನವೆಂಬರಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ತನ್ನನ್ನು ತಾನೇ ಹರಡಿಕೊಳ್ಳುವ ಕ್ರಮವಿಧಿಯನ್ನು ಪ್ರಯೋಗಕ್ಕಾಗಿ ಬರೆದರು. ಅದಕ್ಕೆ ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವರ ಗುರುಗಳಾದ ಲೆನ್ ಆಡಲ್‌ಮನ್. ಎಲ್ಲ ವೈರಸ್ಸನ್ನೂ ತಪ್ಪಿಲ್ಲದೆ ಗುರುತಿಸುವ ಕ್ರಮವಿಧಿ ಇರಲಾರದೆಂದು ಕೋಹೆನ್ ತರ್ಕದಿಂದಲೇ ಸಾಧಿಸಿ ತೋರಿಸಿದರು. ಆ ತರ್ಕ ನಮ್ಮ ಒಗಟುಗಳ ಜಾತಿಯದು. ಎಂದೂ ತಪ್ಪದ ಒಬ್ಬ ಪರೀಕ್ಷಕನಿದ್ದಾನೆನ್ನಿ. ಆ ಪರೀಕ್ಷಕನನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ಒಂದು ಕ್ರಮವಿಧಿ ಹೀಗೆನ್ನುತ್ತದೆ: 'ನೀನು ನನ್ನನ್ನು ವೈರಸ್ ಎಂದರೆ ನಾನು ಸುಮ್ಮನಿರುತ್ತೇನೆ, ಅಲ್ಲ ಎಂದರೆ ಹರಡುತ್ತೇನೆ.' ಪರೀಕ್ಷಕ ಏನು ಹೇಳಿದರೂ ಸುಳ್ಳಾಗುತ್ತದೆ. ಆದ್ದರಿಂದ ವೈರಸ್ ನಿರೋಧಕಗಳು ಕಾವಲುಗಾರರೇ ಹೊರತು ಸರ್ವಜ್ಞರಲ್ಲ.

ಮೂರು ವರ್ಷದೊಳಗೆ, 1986ರಲ್ಲಿ, ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಎಂಬ ಅಣ್ಣತಮ್ಮಂದಿರು ಬರೆದ ಬ್ರೇನ್ ಎಂಬ ವೈರಸ್ಸು ಫ್ಲಾಪಿ ತಟ್ಟೆಗಳ ಮೇಲೆ ದೇಶಾಂತರ ಹೋಯಿತು. ಅದರೊಳಗೆ ಅವರು ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದಿದ್ದರು! ಅಂದಿನ ವೈರಸ್ಸಿಗೆ ಅಷ್ಟು ಸಂಕೋಚವಾದರೂ ಇತ್ತು. ನಮ್ಮ ಮನೆಗೆ ಬಂದದ್ದಕ್ಕೆ ಹೆತ್ತವರ ಹೆಸರಿರಲಿಲ್ಲ.

ಸಾವಿರ ಕಡತಗಳ ಪಟ್ಟಿಯನ್ನು ನೋಡುತ್ತಾ ಹುಡುಗ ಒಂದು ಸಾಲಿನ ಮೇಲೆ ಬೆರಳಿಟ್ಟ. ನಾನು ಡಿ ಕೋಣೆಯಲ್ಲಿ ಜೋಪಾನ ಮಾಡಿದ್ದ ಕನ್ನಡ ಬೆರಳಚ್ಚಿನ ತಂತ್ರಾಂಶದ ಪ್ರತಿ! ಅದು ತಯಾರಕರಿಂದ ಬಂದಾಗ ಶುದ್ಧವಾಗಿಯೇ ಇತ್ತು. ನನ್ನ ಯಂತ್ರದಲ್ಲಿ ಕೂತು ರೋಗ ಹಿಡಿಸಿಕೊಂಡಿತ್ತು. ಅಂಗಡಿಯವನು ಸಿ ಕೋಣೆಯನ್ನು ತೊಳೆದು ಕೊಟ್ಟಾಗಲೆಲ್ಲ ಡಿ ಕೋಣೆಯಿಂದ ರೋಗವನ್ನು ಕರೆತಂದು ಮತ್ತೆ ಪ್ರತಿಷ್ಠಾಪಿಸಿದವನು ನಾನೇ. ಎರಡನೆಯ ಸಲ ನನ್ನ ಸಹಾಯವೂ ಬೇಕಾಗಿರಲಿಲ್ಲ. ಬಾಗಿಲು ತೆರೆದೊಡನೆ ತಾನಾಗಿ ಏಳುವಂತೆ ಡಿ ಕೋಣೆಯಲ್ಲಿ ಅದೊಂದು ಚೀಟಿಯನ್ನು ಬಚ್ಚಿಟ್ಟಿತ್ತು.

ಕಾಫಿ ತಂದ ನನ್ನ ಮಡದಿ ಇದನ್ನು ಕೇಳಿಸಿಕೊಂಡು, 'ಹೆಪ್ಪೇ ಕೆಟ್ಟಿದ್ದರೆ ಪಾತ್ರೆ ಎಷ್ಟು ಬೆಳಗಿ ಏನು ಬಂತು?' ಎಂದಳು.

ಅವಳು ಸಹಜವಾಗಿ ಆಡಿದ ಮಾತು; ನನಗೆ ಇಡೀ ಪ್ರಕರಣವೇ ತಿಳಿಯಾಯಿತು. ಇಂದಿನ ಮೊಸರಿಗೆ ನಿನ್ನೆಯ ಮೊಸರು ಹೆಪ್ಪು, ನಿನ್ನೆಯದಕ್ಕೆ ಮೊನ್ನೆಯದು. ಹೆಪ್ಪು ಒಮ್ಮೆ ಕೆಟ್ಟು ಮೊಸರು ಲೋಳೆಯಾಯಿತೆನ್ನಿ. ಹಾಲನ್ನು ಉಕ್ಕಿಸಿ ಕಾಯಿಸಿ, ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದೇ ಹೆಪ್ಪನ್ನು ಒಂದು ಚಮಚ ಬೆರೆಸಿದರೆ ಬೆಳಿಗ್ಗೆ ಲೋಳೆಯೇ. ನಮ್ಮಮ್ಮ ಹಾಗಾದಾಗ ಇದ್ದ ಮೊಸರನ್ನೆಲ್ಲ ಚೆಲ್ಲಿ, ಪಕ್ಕದ ಮನೆಯಿಂದ ಹೆಪ್ಪು ತರಿಸುತ್ತಿದ್ದರು. ಚೆಲ್ಲುವಾಗ ಅವರು ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ಇದೇ ಸಂಕಟವನ್ನು ಬಹು ಸೂಕ್ಷ್ಮವಾದ ಮಟ್ಟದಲ್ಲಿ ತೋರಿಸಿಕೊಟ್ಟವರು ಯುನಿಕ್ಸ್ ವ್ಯವಸ್ಥೆಯ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್. 1983ರ ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದಲ್ಲಿ ಮಾಡಿದ ಅವರ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಮನುಷ್ಯ ಬರೆದ ಆಜ್ಞೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬ ಅನುವಾದಕನಿದ್ದಾನೆ. ಆ ಅನುವಾದಕನಿಗೆ ಒಮ್ಮೆ ಮೋಸ ಕಲಿಸಿಬಿಟ್ಟರೆ, ತನ್ನದೇ ಮುಂದಿನ ಆವೃತ್ತಿಯನ್ನು ಅನುವಾದಿಸುವಾಗಲೂ ಅವನು ಆ ಮೋಸವನ್ನು ಗುಟ್ಟಾಗಿ ಸೇರಿಸುತ್ತಾನೆ. ಮೂಲಪಾಠವನ್ನು ಅಕ್ಷರಕ್ಷರವಾಗಿ ಓದಿದರೂ ಅಲ್ಲಿ ದೋಷ ಕಾಣದು, ದೋಷವಿರುವುದು ಹೆಪ್ಪಿನಲ್ಲಿ. ನಾವೇ ಪೂರ್ತಿಯಾಗಿ ನಿರ್ಮಿಸದ ಯಾವುದನ್ನೂ ಸಂಪೂರ್ಣವಾಗಿ ನಂಬಲಾಗದೆಂಬುದು ಅವರ ತೀರ್ಮಾನ. ಆದರೆ ಯಾರು ತಾನೆ ಎಲ್ಲವನ್ನೂ ತಾವೇ ನಿರ್ಮಿಸಿಕೊಂಡಾರು? ಎಲ್ಲಿಂದಲೋ ಹೆಪ್ಪು ತರಲೇಬೇಕು. ಯಾರ ಮನೆಯಿಂದ ತರುತ್ತೇವೆಂಬ ವಿವೇಕವಷ್ಟೇ ನಮ್ಮ ಕೈಯಲ್ಲಿರುವುದು.

ಇನ್ನು ಚಿಕಿತ್ಸೆ. ರೋಗ ಹಿಡಿದ ಕ್ರಮವಿಧಿಗಳನ್ನು ಒಂದೊಂದಾಗಿ ಗುಣಪಡಿಸುವ ಸಲಕರಣೆಗಳುಂಟು. ಹುಡುಗ ಅದಕ್ಕೆ ಒಪ್ಪಲಿಲ್ಲ. ಸಾವಿರದಲ್ಲಿ ಒಂದು ಉಳಿದರೂ ಸಾಕು, ಅದು ಮತ್ತೆ ಸಾವಿರವಾಗುತ್ತದೆ. 'ಎರಡು ರಾಶಿ ಮಾಡೋಣ ಮಾವ. ಮತ್ತೆ ತರಬಹುದಾದದ್ದು ಒಂದು ರಾಶಿ. ಮತ್ತೆ ತರಲಾಗದ್ದು ಇನ್ನೊಂದು.' ಕುಳಿತು ವಿಂಗಡಿಸಿದೆವು. ಆಗ ನನಗೆ ಸೋಜಿಗವಾಯಿತು. ಮತ್ತೆ ತರಲಾಗದ ರಾಶಿಯಲ್ಲಿ ಅಮ್ಮನ ಹಾಡುಗಳು, ನಾಲ್ಕಾರು ಪತ್ರಗಳು, ಮಕ್ಕಳ ಚಿತ್ರಗಳು. ಇವೊಂದಕ್ಕೂ ರೋಗ ತಗುಲಿರಲಿಲ್ಲ. ಸಾಲಿಟಿಗೆ ಬೇಕಾದದ್ದು ಓಡುವ ಕ್ರಮವಿಧಿ. ಸುಮ್ಮನೆ ಮಲಗಿರುವ ಅಕ್ಷರವಲ್ಲ. ರೋಗ ತುಂಬಿದ್ದುದೆಲ್ಲ ಇನ್ನೊಂದು ರಾಶಿಯಲ್ಲಿ: ಆಟಗಳು, ಪರದೆಯ ಅಲಂಕಾರಗಳು, ಎಂದೋ ಬೇಕಾದೀತೆಂದು ಕೂಡಿಟ್ಟ ತಂತ್ರಾಂಶಗಳು. ಅವುಗಳಲ್ಲಿ ಅರ್ಧವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಆದರೂ, 'ಇದೊಂದಿರಲಿ, ಅದೊಂದಿರಲಿ' ಎಂದು ಹುಡುಗನ ಕೈ ಹಿಡಿಯುತ್ತಿದ್ದೆ. ಕಳೆದುಕೊಳ್ಳಲಾಗದ್ದರ ಚಿಂತೆಯಲ್ಲಿ ಮೂರು ವಾರ ನಿದ್ದೆಗೆಟ್ಟಿದ್ದೆ. ಅದಕ್ಕೆ ಅಪಾಯ ತಂದಿಟ್ಟಿದ್ದುದು ಕಳೆದುಕೊಳ್ಳಬಹುದಾದದ್ದನ್ನು ನಾನು ಬಿಡದೆ ಹಿಡಿದಿದ್ದದ್ದು.

ಲಿನಕ್ಸ್ ಸಿ.ಡಿ.ಯ ಆಶ್ರಯದಲ್ಲೇ, ಮೊದಲ ರಾಶಿಯ ಕಡತಗಳನ್ನು ಮಾತ್ರ ಒಂದು ಹೊಸ ಪೆನ್ ಡ್ರೈವಿಗೆ ನಕಲು ಮಾಡಿದೆವು. ಅಲ್ಲಿಂದ ಹುಡುಗ ತನ್ನ ಯಂತ್ರಕ್ಕೆ ಹಾಕಿ, ಒಮ್ಮೆ ಬರೆದರೆ ಮತ್ತೆ ಬರೆಯಲಾಗದ ಜಾತಿಯ ಸಿ.ಡಿ.ಯ ಮೇಲೆ ಕೊರೆದ. ಇನ್ನು ಮನೆಯ ಯಂತ್ರವನ್ನು ಅಳಿಸುವುದೊಂದೇ ಬಾಕಿ. ಅದಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಅವನ ಯಂತ್ರದಲ್ಲೇ ಹಾಡುಗಳ ಒಂದು ಕಡತವನ್ನು ತೆರೆದೆ.

ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ತಲೆಯ ಮೇಲೆ ಚುಕ್ಕೆ, ಗೀಟು, ಟೋಪಿ ಹೊತ್ತ ರೋಮನ್ ಅಕ್ಷರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಸಾಲು ಸಾಲಾಗಿ ನಿಂತಿದ್ದುವು. ಇನ್ನೊಂದು ತೆರೆದೆ, ಅದೂ ಹಾಗೆಯೇ. ನನ್ನ ಕೈಕಾಲು ತಣ್ಣಗಾದುವು. ರದ್ದಿಯವನ ತಕ್ಕಡಿಗೆ ಹಾಕಿದ ಹಾಳೆಗಳು ಕಣ್ಣ ಮುಂದೆ ಬಂದುವು.

ಹುಡುಗ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ: 'ಹೋಗಿಲ್ಲ ಮಾವ. ನೀವು ಅಚ್ಚಿಸಿದ್ದು ಹಳೆಯ ಫಾಂಟಿನಲ್ಲಿ. ಆ ಫಾಂಟು ನನ್ನ ಯಂತ್ರದಲ್ಲಿಲ್ಲ, ಅಷ್ಟೆ.' ನಿಜ. ಹಿಂದಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುವು. ಆ ಆಕಾರಗಳ ಕಟ್ಟು ಇಲ್ಲದ ಯಂತ್ರದಲ್ಲಿ ಕನ್ನಡವು ವೇಷ ಕಳಚಿ ನಿಲ್ಲುತ್ತಿತ್ತು. ತಯಾರಕರ ತಾಣದಿಂದಲೇ ಆ ತಂತ್ರಾಂಶದ ಹೊಸ ಪ್ರತಿಯನ್ನು ತಂದು ಕಾಲೇಜಿನ ಗೆಳೆಯನೊಬ್ಬನ ಶುದ್ಧ ಯಂತ್ರದಲ್ಲಿ ಅಳವಡಿಸಿದ ಮೇಲೆ ಅಮ್ಮನ ಮೊದಲ ಆರತಿಯ ಹಾಡು ಪರದೆಯ ಮೇಲೆ ಮೂಡಿತು. ನಾನು ಓದಲಿಲ್ಲ, ಸುಮ್ಮನೆ ನೋಡಿದೆ. ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು. ಅದರಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೇ ತಮ್ಮವೇ ಆದ ಸಂಖ್ಯೆಗಳುಂಟು. ಯಾರ ಮನೆಯ ಜಗಲಿಯ ಮೇಲೂ ಮಲಗಬೇಕಾಗಿಲ್ಲ.

ಅನಂತರ ಮನೆಯ ಯಂತ್ರದ ಸಿ, ಡಿ ಎರಡು ಕೋಣೆಗಳನ್ನೂ ಗೋಡೆಸಹಿತ ಕೆಡವಿ, ಮೂಲ ಸಿ.ಡಿ.ಯಿಂದ ಹೊಸದಾಗಿ ಕಟ್ಟಿದೆವು. ತಯಾರಕರು ಕಳಿಸುವ ತಿದ್ದುಪಡಿಗಳನ್ನು ಒಂದೂ ಬಿಡದೆ ಹಾಕಿದೆವು. ಪೆನ್ ಡ್ರೈವ್ ಸಿಕ್ಕಿಸಿದೊಡನೆ ಅದರಲ್ಲಿರುವುದು ತಾನಾಗಿ ಏಳುವ ಏರ್ಪಾಡನ್ನು ನಿಲ್ಲಿಸುವ ತಿದ್ದುಪಡಿಯೊಂದನ್ನು ಮೈಕ್ರೋಸಾಫ್ಟ್ 2011ರ ಫೆಬ್ರುವರಿಯಲ್ಲೇ ವಿಂಡೋಸ್ ಎಕ್ಸ್‌ಪಿಗೆ ಕಳಿಸಿತ್ತು. 'ಆಮೇಲೆ ನೋಡೋಣ' ಎಂದು ಅದನ್ನು ಮುಂದೂಡಿದ್ದವನೂ ನಾನೇ. ಮನೆಯ ಪೆನ್ ಡ್ರೈವುಗಳನ್ನೆಲ್ಲ ಹೊರಡಿಸಿ ಲಿನಕ್ಸಿನಲ್ಲಿ ತೊಳೆದೆವು. ನಾಲ್ಕು ಸಿಕ್ಕಿದುವು. ಐದನೆಯದು ವಾರದ ಮೇಲೆ ನನ್ನ ಕೊಡೆಯ ಚೀಲದಲ್ಲಿ ದೊರೆಯಿತು. ಅದರಲ್ಲೂ ಹೆಪ್ಪು ಕಾದಿತ್ತು.

ಆ ಐದನೆಯದು ನನಗೊಂದು ಬೇರೆಯ ನೆನಪು ತಂದಿತು. ಯುಗಾದಿಯ ಹೊತ್ತಿನಲ್ಲಿ ಅದನ್ನು ಹಿಡಿದು ಒಬ್ಬ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಪ್ರವಾಸದ ಚಿತ್ರಗಳನ್ನು ತೋರಿಸಲು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ನಡೆದುಕೊಂಡೇ ಹೋದೆ. ಅವರ ಯಂತ್ರವೂ ಕೆಟ್ಟಿತ್ತು. ಅವರು ನನ್ನಂತೆ ಹಟ ಮಾಡದೆ ಅಂಗಡಿಯಲ್ಲಿ ಎಲ್ಲವನ್ನೂ ಅಳಿಸಿಸಿದ್ದರು. ಅವರ ಮೊಮ್ಮಗಳ ನಾಮಕರಣದ ಚಿತ್ರಗಳು ಅದರೊಡನೆ ಹೋಗಿದ್ದುವು. ರೋಗ ನನ್ನಿಂದ ಅವರಿಗೆ ಹೋಯಿತೋ, ಅವರಿಂದ ನನಗೆ ಬಂತೋ, ಇಬ್ಬರಿಗೂ ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಿಂದ ಬಂತೋ ಹೇಳುವುದು ಸಾಧ್ಯವಿಲ್ಲ. 'ಬಿಡಿ ಮಹರಾಯರೆ, ಮಗು ಇದ್ದಾಳಲ್ಲ' ಎಂದು ಅವರು ನಕ್ಕರು. ಅವರ ಶ್ರೀಮತಿಯವರು ನಗಲಿಲ್ಲ. ನನ್ನ ಹಾಡುಗಳು ಉಳಿದ ಸಂತೋಷವನ್ನು ಆ ಮನೆಯಲ್ಲಿ ಹೇಳಲು ನನಗೆ ನಾಲಗೆ ಬರಲಿಲ್ಲ.

ಇದೆಲ್ಲ ಹಳೆಯ ಮಾತು. ಆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ ತಯಾರಕರ ಆರೈಕೆಯೇ ನಿಂತುಹೋಯಿತು. ಅಕ್ಷರಕ್ಕೆ ರೋಗ ತಗುಲದೆಂದು ನಾನು ಪಟ್ಟ ಸಮಾಧಾನವೂ ಈಗ ಸಲ್ಲದು. 2017ರ ಮೇ ತಿಂಗಳಲ್ಲಿ ಲೋಕವನ್ನು ನಡುಗಿಸಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೇ ನಿಲ್ಲಿಸಿದ ವಾನಾಕ್ರೈಯಂಥವು ಹುಡುಕಿಕೊಂಡು ಹೋಗುವುದು ನಮ್ಮ ಬರಹಗಳನ್ನು, ಚಿತ್ರಗಳನ್ನೇ. ಅವನ್ನು ಬೀಗ ಹಾಕಿ ಬಿಡುಗಡೆಗೆ ಹಣ ಕೇಳುತ್ತವೆ. ಅದನ್ನು ತಡೆಯುವ ತಿದ್ದುಪಡಿ ಎರಡು ತಿಂಗಳ ಮೊದಲೇ ಬಂದಿತ್ತು. 'ಆಮೇಲೆ ನೋಡೋಣ' ಎನ್ನುವವರು ನನ್ನೊಬ್ಬನೇ ಅಲ್ಲವೆಂದಾಯಿತು. ಹುಡುಗ ಮಾಡಿಸಿದ ಎರಡು ರಾಶಿಗಳ ಪಾಠ ಮಾತ್ರ ಇಂದಿಗೂ ಹಳತಾಗಿಲ್ಲ. ಮೊದಲಿಗಿಂತ ಹೆಚ್ಚು ಬೇಕಾಗಿದೆ. ಯಂತ್ರ ಆರೋಗ್ಯವಾಗಿರುವಾಗಲೇ ಕುಳಿತು, ನನ್ನಲ್ಲಿ ಮತ್ತೆ ತರಲಾಗದ್ದು ಏನಿದೆ ಎಂದು ಕೇಳಿಕೊಳ್ಳಬೇಕು. ಅದಕ್ಕೆ ಒಂದಲ್ಲ, ಮೂರು ನೆಲೆ ಬೇಕು. ಮೂರರಲ್ಲಿ ಒಂದಾದರೂ ಯಂತ್ರಕ್ಕೆ ಅಂಟಿಕೊಂಡಿರಬಾರದು, ಒಂದಾದರೂ ಬೇರೆ ಮನೆಯಲ್ಲಿರಬೇಕು. ಉಳಿದದ್ದನ್ನು ಚೆಲ್ಲುವ ಧೈರ್ಯ ಆಗ ತಾನಾಗಿ ಬರುತ್ತದೆ.

ಅಮ್ಮನ ಹಾಡುಗಳ ಒಂದು ಪ್ರತಿ ಈಗ ಸದಾ ಯಂತ್ರದಿಂದ ಬೇರ್ಪಡಿಸಿಟ್ಟ ತಟ್ಟೆಯೊಂದರಲ್ಲಿದೆ. ಅದನ್ನು ದೀಪಾವಳಿಗೊಮ್ಮೆ ತೆಗೆದು ಓದಿ ನೋಡುತ್ತೇನೆ, ಅಕ್ಷರ ಅಕ್ಷರವಾಗಿಯೇ ಇದೆಯೇ ಎಂದು. ಇನ್ನೊಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿ, ತಂಗಿಯ ಮನೆಯಲ್ಲಿಟ್ಟಿದ್ದೇನೆ. ಕಳೆದ ಸಲ ಹೋದಾಗ ಅದರ ಹಾಳೆಗಳ ಮೇಲೆ ಅಲ್ಲಲ್ಲಿ ಅರಿಶಿನದ ಬೆರಳಿನ ಗುರುತುಗಳಿದ್ದುವು. ಬೀದಿಯಲ್ಲಿ ಯಾರದೋ ಮನೆಯ ಮದುವೆಗೆ ಒಯ್ದಿದ್ದರಂತೆ.